ಕಂಪ್ಯೂಟರನ್ನು ಅಂಗಡಿಯಲ್ಲಿ ಅಸೆಂಬಲ್ ಮಾಡಿಸುವುದೋ, ಬಿಡಿಭಾಗ ಕೊಂಡು ಜೋಡಿಸುವುದೋ? ಖರ್ಚು ಹೋಲಿಸುವ ಕ್ರಮ

ಬೆಂಗಳೂರಿನಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಯಾವುದೇ ಅಂಗಡಿಗೆ ಹೋಗಿ ‘ಇಂಥ ಕೆಲಸಕ್ಕೆ ಒಂದು ಸಿಸ್ಟಂ ಬೇಕು’ ಎಂದರೆ ಐದು ನಿಮಿಷದೊಳಗೆ ಒಂದು ಮೊತ್ತ ಹೇಳುತ್ತಾರೆ. ಅದೇ ಪಟ್ಟಿಯನ್ನು ಮನೆಗೆ ಬಂದು ಆನ್‌ಲೈನ್ ಮಳಿಗೆಗಳಲ್ಲಿ ಒಂದೊಂದಾಗಿ ಹುಡುಕಿ ಕೂಡಿಸಿದರೆ ಬೇರೆಯದೇ ಮೊತ್ತ ಬರುತ್ತದೆ. ನಾಲ್ಕೈದು ಸಾವಿರದ ವ್ಯತ್ಯಾಸ ಕಂಡ ಕೂಡಲೇ ಕೆಲವರು ‘ಅಂಗಡಿಯವರು ಸುಲಿಯುತ್ತಾರೆ’ ಎಂದು ತೀರ್ಮಾನಿಸುತ್ತಾರೆ. ಇನ್ನು ಕೆಲವರು ಆನ್‌ಲೈನ್ ಸಹವಾಸವೇ ಬೇಡ ಎಂದು ಅಂಗಡಿಯವರು ಹೇಳಿದ್ದನ್ನು ಕೊಟ್ಟು ಬರುತ್ತಾರೆ. ನಾನು ನೋಡಿದ ಮಟ್ಟಿಗೆ, ಹೆಚ್ಚಿನ ಸಲ ಆ ಎರಡು ಮೊತ್ತಗಳು ಒಂದೇ ಕಂಪ್ಯೂಟರಿನವು ಆಗಿರುವುದೇ ಇಲ್ಲ. ಮೊದಲು ಎರಡೂ ಕಡೆ ಒಂದೇ ಕಂಪ್ಯೂಟರ್ ಇರುವಂತೆ ಮಾಡಬೇಕು, ಆಮೇಲೆ ಉಳಿದ ಅಂತರಕ್ಕೆ ಏನು ಸಿಗುತ್ತದೆ ಎಂದು ಕೇಳಬೇಕು. ಈ ಲೇಖನ ಆ ಕೆಲಸವನ್ನು ಹಂತಹಂತವಾಗಿ ಮಾಡುವ ಬಗೆ.

ಬಿಡಿಭಾಗಗಳ ದರ ವಾರ ವಾರಕ್ಕೂ ಏರಿಳಿಯುತ್ತದೆ. ಹಾಗಾಗಿ ಇಲ್ಲಿ ಬರುವ ರೂಪಾಯಿ ಅಂಕಿಗಳೆಲ್ಲ ಲೆಕ್ಕದ ಕ್ರಮ ತೋರಿಸುವುದಕ್ಕೆ ಇಟ್ಟುಕೊಂಡವು. ನಿಮ್ಮ ದಿನದ ದರಗಳನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

ಹಂತ 1: ಕೆಲಸ ಯಾವುದು, ಮೊದಲು ಬರೆದುಕೊಳ್ಳಿ

ಒಂದು ಚೀಟಿಯಲ್ಲಿ ಮೂರು ಸಾಲು ಸಾಕು. ಕಂಪ್ಯೂಟರಿನಲ್ಲಿ ದಿನಾ ತೆರೆಯುವ ಸಾಫ್ಟ್‌ವೇರ್ ಯಾವುವು? ಗೇಮ್ ಅಥವಾ ವಿಡಿಯೊ ಎಡಿಟಿಂಗ್ ಇದೆಯೇ? ಮಾನಿಟರ್, ಕೀಬೋರ್ಡ್, ಯುಪಿಎಸ್ ಈಗಾಗಲೇ ಇವೆಯೇ? ಟ್ಯಾಲಿ, ಡಿಟಿಪಿ, ಬ್ರೌಸರ್ ಇಷ್ಟೇ ಆದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡ. ಆ ಒಂದು ನಿರ್ಧಾರದಲ್ಲಿ ಉಳಿಯುವ ಹಣ, ಮುಂದೆ ಹೇಳುವ ಎಲ್ಲ ಚೌಕಾಸಿಯಿಂದ ಉಳಿಯುವುದಕ್ಕಿಂತ ಹೆಚ್ಚು.

ಹಂತ 2: ಮಾಡೆಲ್ ಹೆಸರಿರುವ ಕೊಟೇಶನ್ ಕೇಳಿ

ಇಡೀ ವ್ಯವಹಾರದ ಜೀವಾಳ ಇದು. ಸಾಮಾನ್ಯವಾಗಿ ಅಂಗಡಿಯಲ್ಲಿ ಬರೆದುಕೊಡುವ ಚೀಟಿ ಹೀಗಿರುತ್ತದೆ: ‘ಐ5, 16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, ಬೋರ್ಡ್, 500 ವ್ಯಾಟ್ ಎಸ್‌ಎಂಪಿಎಸ್, ಗೇಮಿಂಗ್ ಕ್ಯಾಬಿನೆಟ್’. ಇದರಲ್ಲಿ ಒಂದು ಸಾಲನ್ನೂ ಇನ್ನೊಂದು ಕಡೆಯ ದರದ ಜೊತೆ ಹೋಲಿಸಲು ಬರುವುದಿಲ್ಲ, ಏಕೆಂದರೆ ಪ್ರತಿ ಸಾಲಿನಲ್ಲೂ ಎರಡು ಮೂರು ಪಟ್ಟು ಬೆಲೆ ವ್ಯತ್ಯಾಸದ ವಸ್ತುಗಳು ಅಡಗಿ ಕೂತಿರುತ್ತವೆ. ಪ್ರತಿ ಭಾಗದ ಕಂಪನಿ, ಪೂರ್ತಿ ಮಾಡೆಲ್ ಹೆಸರು, ವಾರಂಟಿ ಎಷ್ಟು ವರ್ಷ, ಬಿಡಿ ದರ ಎಷ್ಟು ಎಂದು ಬರೆಸಿಕೊಳ್ಳಿ. ವಾಟ್ಸಾಪಿನಲ್ಲಿ ಕಳಿಸಿದರೂ ಆದೀತು. ಬರೆದುಕೊಡಲು ಒಪ್ಪದ ಅಂಗಡಿಯನ್ನು ಅಲ್ಲಿಗೇ ಬಿಡಿ. ಆ ರಸ್ತೆಯಲ್ಲಿ ಒಪ್ಪುವವರು ಬೇಕಾದಷ್ಟು ಜನ ಇದ್ದಾರೆ.

ಒಂದೊಂದು ಸಾಲಿನಲ್ಲಿ ಏನು ನೋಡಬೇಕು?

ಪ್ರೊಸೆಸರ್: ‘ಐ7 ಕಂಪ್ಯೂಟರ್, 16 ಜಿಬಿ ರ‍್ಯಾಮ್, ಬರೀ ಇಷ್ಟಕ್ಕೆ’ ಎಂಬ ಜಾಹೀರಾತುಗಳನ್ನು ನೋಡಿರುತ್ತೀರಿ. ಐ7 ಎಂಬುದು ಇಂಟೆಲ್ ಪ್ರೊಸೆಸರುಗಳ ಒಂದು ದರ್ಜೆಯ ಹೆಸರು ಮಾತ್ರ. ಯಾವ ವರ್ಷದ ಐ7 ಎಂದು ಅದು ಹೇಳುವುದಿಲ್ಲ. ಐ7-2600 ಬಂದದ್ದು 2011ರಲ್ಲಿ, ಐ7-3770 ಬಂದದ್ದು 2012ರಲ್ಲಿ. ಹಳೆಯ ಆಫೀಸ್ ಯಂತ್ರಗಳಿಂದ ತೆಗೆದ ಇಂಥ ಚಿಪ್‌ಗಳನ್ನು ಹೊಸ ಬಣ್ಣದ ದೀಪಗಳ ಕ್ಯಾಬಿನೆಟ್ಟಿಗೆ ಹಾಕಿ ‘ಕಸ್ಟಮ್ ಬಿಲ್ಡ್’ ಎಂದು ಮಾರುವುದುಂಟು. ವಿಂಡೋಸ್ 11ರ ಅಧಿಕೃತ ಬೆಂಬಲ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಶುರುವಾಗುತ್ತದೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಅಂಥ ಯಂತ್ರ ಎಷ್ಟು ಅಗ್ಗವಾದರೂ ನನ್ನ ಲೆಕ್ಕದಲ್ಲಿ ದುಬಾರಿಯೇ.

ಪ್ರೊಸೆಸರಿನ ಕೊನೆಯ ಅಕ್ಷರವನ್ನೂ ಬಿಡದೆ ಓದಿ. ಐ5-12400ರಲ್ಲಿ ಗ್ರಾಫಿಕ್ಸ್ ಒಳಗೇ ಇದೆ, 12400ಎಫ್‌ನಲ್ಲಿ ಇಲ್ಲ. ಎಎಂಡಿ ಕಂಪನಿಯ ರೈಜನ್ 5600ಜಿಯಲ್ಲಿ ಇದೆ, ಬರೀ 5600ರಲ್ಲಿ ಇಲ್ಲ. ಎಫ್ ಇರುವುದನ್ನು ಕೊಂಡು ಗ್ರಾಫಿಕ್ಸ್ ಕಾರ್ಡ್ ಕೊಳ್ಳದಿದ್ದರೆ ಮಾನಿಟರಿನಲ್ಲಿ ಚಿತ್ರವೇ ಬರುವುದಿಲ್ಲ. ಇನ್ನೊಂದು ಪ್ರಶ್ನೆ: ಬಾಕ್ಸೋ, ಟ್ರೇಯೋ? ಕಂಪನಿಯ ಪೆಟ್ಟಿಗೆಯಲ್ಲಿ ಬರುವ ಇಂಟೆಲ್, ಎಎಂಡಿ ಪ್ರೊಸೆಸರುಗಳಿಗೆ ಸಾಮಾನ್ಯವಾಗಿ ಕಂಪನಿಯದೇ ಮೂರು ವರ್ಷದ ವಾರಂಟಿ. ಟ್ರೇ ಪ್ರೊಸೆಸರ್ ಎಂದರೆ ತಯಾರಕರಿಗೆ ಸಗಟಾಗಿ ಹೋಗುವ ಮಾಲು. ಅದರ ವಾರಂಟಿ ಮಾರಿದವರ ಮಾತಿನ ಮೇಲೆ ನಿಂತಿರುತ್ತದೆ, ಕೂಲರ್ ಕೂಡ ಬೇರೆ ಕೊಳ್ಳಬೇಕು. ಆನ್‌ಲೈನಿನ ಬಾಕ್ಸ್ ದರವನ್ನು ಅಂಗಡಿಯ ಟ್ರೇ ದರದ ಜೊತೆ ಇಟ್ಟು ನೋಡಿದರೆ ಲೆಕ್ಕ ಅಲ್ಲೇ ತಪ್ಪುತ್ತದೆ.

ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆ): ಎಚ್610, ಬಿ760, ಎ620, ಬಿ650. ಇವೆಲ್ಲ ಚಿಪ್‌ಸೆಟ್ ಹೆಸರುಗಳು, ಅಂದರೆ ಬೋರ್ಡಿನ ದರ್ಜೆ ಹೇಳುವ ಚಿಪ್ಪಿನ ಹೆಸರುಗಳು. ಕೆಳದರ್ಜೆಯ ಬೋರ್ಡಿನಲ್ಲಿ ಸಾಮಾನ್ಯವಾಗಿ ರ‍್ಯಾಮಿಗೆ ಎರಡೇ ಸ್ಲಾಟು, ಎಸ್‌ಎಸ್‌ಡಿಗೆ ಕಡಿಮೆ ಜಾಗ. ಆಫೀಸ್ ಕೆಲಸಕ್ಕೆ ಅದು ಧಾರಾಳವಾಗಿ ಸಾಕು, ಆದರೆ ಹೋಲಿಸುವಾಗ ಎರಡೂ ಕಡೆ ಒಂದೇ ಹೆಸರಿರಲಿ. ಹೆಸರಿನ ಕೊನೆಯಲ್ಲಿ ‘ವೈಫೈ’ ಎಂದಿದ್ದರೆ ಅದು ಬೇರೆಯದೇ ಬೋರ್ಡು, ಬೆಲೆಯೂ ಬೇರೆ. ‘ಡಿ4’ ಎಂದಿದ್ದರೆ ಡಿಡಿಆರ್4 ರ‍್ಯಾಮ್ ಮಾತ್ರ ಕೂರುತ್ತದೆ. ಡಿಡಿಆರ್5ರ ಕಚ್ಚು ಬೇರೆ ಕಡೆ ಇರುವುದರಿಂದ ಅದು ಒಳಗೇ ಹೋಗುವುದಿಲ್ಲ.

ರ‍್ಯಾಮ್: 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಒಳ್ಳೆಯದು, ವಿಶೇಷವಾಗಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿರುವಾಗ. ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಎರಡು ಚಾನೆಲ್ ಇದ್ದರೆ ಅದಕ್ಕೆ ಸಿಗುವ ದಾರಿ ಎರಡರಷ್ಟು. ಕೊಟೇಶನ್ನಿನಲ್ಲಿ ‘16 ಜಿಬಿ’ ಎಂದಷ್ಟೇ ಇದ್ದರೆ ಒಂದೋ ಎರಡೋ ಎಂದು ಕೇಳಿ. ವೇಗದ ಅಂಕಿಯನ್ನೂ ಬರೆಸಿ.

ಎಸ್‌ಎಸ್‌ಡಿ (ಫೈಲುಗಳು ಉಳಿಯುವ ಡಿಸ್ಕು): ‘ಎನ್‌ವಿಎಂಇ 1 ಟಿಬಿ’, ಅಂದರೆ ವೇಗದ ಬಗೆಯ 1 ಟಿಬಿ ಡಿಸ್ಕು, ಎಂಬ ಒಂದೇ ವಿವರಣೆಗೆ ವೆಸ್ಟರ್ನ್ ಡಿಜಿಟಲ್ ಬ್ರಾಂಡೊಂದರಲ್ಲೇ ಗ್ರೀನ್ ಎಸ್‌ಎನ್350 ಕೂಡ ಹೊಂದುತ್ತದೆ, ಬ್ಲಾಕ್ ಎಸ್‌ಎನ್850ಎಕ್ಸ್ ಕೂಡ ಹೊಂದುತ್ತದೆ. ಮೊದಲನೆಯದಕ್ಕೆ ಮೂರು ವರ್ಷದ ವಾರಂಟಿ, ಎರಡನೆಯದಕ್ಕೆ ಐದು. ವೇಗದಲ್ಲೂ ಬೆಲೆಯಲ್ಲೂ ಅಜಗಜಾಂತರ. ಕಾಗದದ ಮೇಲೆ ಎರಡೂ ‘1 ಟಿಬಿ ಎಸ್‌ಎಸ್‌ಡಿ’.

ಗ್ರಾಫಿಕ್ಸ್ ಕಾರ್ಡ್: ಮೆಮೊರಿ ಗಾತ್ರವೂ ಹೆಸರಿನ ಭಾಗ ಎಂದೇ ತಿಳಿಯಿರಿ. ಆರ್‌ಟಿಎಕ್ಸ್ 3050ರಲ್ಲಿ 8 ಜಿಬಿಯದು ಒಂದು, 2024ರಲ್ಲಿ ಬಂದ 6 ಜಿಬಿಯದು ಇನ್ನೊಂದು. ಎರಡನೆಯದರಲ್ಲಿ ಮೆಮೊರಿ ಮಾತ್ರವಲ್ಲ, ಒಳಗಿನ ಕೋರ್‌ಗಳೂ ಕಡಿಮೆ. ಜಿಟಿ 730 ಎಂಬ 2014ರ ಕಾರ್ಡನ್ನು ಇಂದಿಗೂ ‘4 ಜಿಬಿ ಗೇಮಿಂಗ್ ಕಾರ್ಡ್’ ಎಂದು ಪಟ್ಟಿಗೆ ಸೇರಿಸುವವರಿದ್ದಾರೆ. ಈಗಿನ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸೇ ಎಷ್ಟೋ ಸಲ ಅದನ್ನು ಮೀರಿಸುತ್ತದೆ.

ಕೊನೆಗೆ ಎಸ್‌ಎಂಪಿಎಸ್, ಅಂದರೆ ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಪೆಟ್ಟಿಗೆ. ಗ್ರಾಹಕರು ಅತಿ ಕಡಿಮೆ ವಿಚಾರಿಸುವ ಭಾಗ ಇದು, ಆದ್ದರಿಂದಲೇ ಕೊಟೇಶನ್ನಿನಲ್ಲಿ ಅತಿ ಹೆಚ್ಚು ಕತ್ತರಿ ಬೀಳುವುದೂ ಇಲ್ಲೇ. ‘500 ವ್ಯಾಟ್’ ಎಂದು ಹೊರಗೆ ಅಚ್ಚು ಹಾಕಿದ್ದನ್ನೆಲ್ಲ ನಂಬಬೇಡಿ. ಮೈಮೇಲಿನ ಪಟ್ಟಿಯಲ್ಲಿ 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಎಂದು ನೋಡಿ, 12ರಿಂದ ಗುಣಿಸಿ. ಒಳ್ಳೆಯ ಕಂಪನಿಯ ಈಗಿನ 500 ವ್ಯಾಟಿನ ಎಸ್‌ಎಂಪಿಎಸ್‌ನಲ್ಲಿ ಉತ್ತರ 500ರ ಹತ್ತಿರ ಬರುತ್ತದೆ. ಇನ್ನೂರೈವತ್ತು, ಮುನ್ನೂರು ಬಂದರೆ ಅದು ಹೆಸರಿಗಷ್ಟೇ 500. ‘80 ಪ್ಲಸ್’ ಮುದ್ರೆ ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದರ ಅಳತೆ. ಇದ್ದರೆ ಒಳ್ಳೆಯದು, ಆದರೆ ಅದೊಂದೇ ಗುಣಮಟ್ಟದ ಸಾಕ್ಷಿಯಲ್ಲ. ವಾರಂಟಿ ಐದು ವರ್ಷವಿದೆಯೇ ಎಂಬುದು ನನಗೆ ಅದಕ್ಕಿಂತ ನಂಬಿಕೆಯ ಗುರುತು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ವಿದ್ಯುತ್ ಹೇಗಿರುತ್ತದೆ ಎಂದು ಗೊತ್ತಿರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಗ್ಗದ ಎಸ್‌ಎಂಪಿಎಸ್ ಸುಟ್ಟಾಗ ಕೆಲವೊಮ್ಮೆ ಬೋರ್ಡು, ಡಿಸ್ಕುಗಳನ್ನೂ ತನ್ನ ಜೊತೆ ಕರೆದೊಯ್ಯುತ್ತದೆ.

ಕ್ಯಾಬಿನೆಟ್ ವಿಷಯ ಬೇಗ ಮುಗಿಸಬಹುದು: ಮುಂಭಾಗ ಜಾಲರಿಯದಾಗಿರಲಿ, ಗಾಳಿ ಆಡಲಿ. ದೀಪ ನಿಮ್ಮಿಷ್ಟ.

ಹಂತ 3: ತೆರಿಗೆ ಒಳಗೋ, ಹೊರಗೋ?

ಆನ್‌ಲೈನಿನಲ್ಲಿ ಕಾಣುವ ದರದಲ್ಲಿ ಜಿಎಸ್‌ಟಿ ಸೇರಿರುತ್ತದೆ. ಅಂಗಡಿಯಲ್ಲಿ ಬಾಯಲ್ಲಿ ಹೇಳುವ ದರದಲ್ಲಿ ಸೇರಿರಬಹುದು, ಸೇರದೆಯೂ ಇರಬಹುದು. ಕಂಪ್ಯೂಟರ್ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ 18. ‘56 ಸಾವಿರ ಪ್ಲಸ್ ಜಿಎಸ್‌ಟಿ’ ಎಂದರೆ ಕೈಬಿಟ್ಟು ಹೋಗುವುದು 66,080 ರೂಪಾಯಿ. ಮೊದಲ ಮಾತಿನಲ್ಲೇ ‘ಬಿಲ್ ಸಮೇತ ಎಷ್ಟು?’ ಎಂದು ಕೇಳುವುದು ರೂಢಿಯಾಗಲಿ.

‘ಬಿಲ್ ಬೇಡ ಅಂದರೆ ಕಡಿಮೆ ಮಾಡಿಕೊಡ್ತೀನಿ’ ಎಂಬ ಮಾತು ಬಂದೇ ಬರುತ್ತದೆ. ಒಪ್ಪಬೇಡಿ. ತೆರಿಗೆ ತಪ್ಪಿಸುವುದು ತಪ್ಪು ಎಂಬುದು ಒಂದು ಕಡೆಗಿರಲಿ. ಬಿಲ್ಲಿಲ್ಲದ ಗ್ರಾಫಿಕ್ಸ್ ಕಾರ್ಡ್ ಎರಡನೇ ವರ್ಷ ಕೆಟ್ಟರೆ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ನೀವು ತೋರಿಸಲು ಏನೂ ಇರುವುದಿಲ್ಲ. ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೋಗುತ್ತದೆ.

ಡಿಟಿಪಿ ಅಂಗಡಿ, ಸ್ಟುಡಿಯೊ, ಸಣ್ಣ ಕಚೇರಿ ನಡೆಸುವವರು ರೆಗ್ಯುಲರ್ ಯೋಜನೆಯಲ್ಲಿ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆ ಹಾಕಿಸಲೇಬೇಕು. ತೆರಿಗೆ ಸೇರಿ 56,000 ಕೊಟ್ಟಿದ್ದರೆ ಅದರಲ್ಲಿ ಸುಮಾರು 8,542 ರೂಪಾಯಿ ತೆರಿಗೆ. ವ್ಯಾಪಾರಕ್ಕಾಗಿ ಕೊಂಡದ್ದಾದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಕಾಂಪೊಸಿಷನ್ ಯೋಜನೆಯವರಿಗೆ ಈ ಅನುಕೂಲ ಇಲ್ಲ.

ಹಂತ 4: ಸಾಲಿಗೆ ಸಾಲು ಹೋಲಿಸಿ

ಈಗ ಕೈಯಲ್ಲಿ ಮಾಡೆಲ್ ಹೆಸರಿನ ಪಟ್ಟಿ ಇದೆ. ಅದೇ ಹೆಸರುಗಳನ್ನು ಅಮೆಜಾನ್, ಫ್ಲಿಪ್‌ಕಾರ್ಟ್ ಮಾತ್ರವಲ್ಲದೆ ಬಿಡಿಭಾಗಗಳನ್ನೇ ಮಾರುವ ಮಳಿಗೆಗಳಲ್ಲೂ ಹುಡುಕಿ. ಕೋಲ್ಕತ್ತದ ಎಂಡಿ ಕಂಪ್ಯೂಟರ್ಸ್, ವೇದಾಂತ್ ಕಂಪ್ಯೂಟರ್ಸ್, ಮುಂಬೈಯ ಪ್ರೈಮ್ಎಬಿಜಿಬಿ ಇಂಥವು. ಒಂದು ಉದಾಹರಣೆ ಲೆಕ್ಕ ಮಾಡೋಣ. ಆನ್‌ಲೈನಿನಲ್ಲಿ ಪ್ರೊಸೆಸರ್ 17,500, ಬೋರ್ಡು 10,500, ರ‍್ಯಾಮ್ 9,000, ಎಸ್‌ಎಸ್‌ಡಿ 6,000, ಎಸ್‌ಎಂಪಿಎಸ್ 5,500, ಕ್ಯಾಬಿನೆಟ್ 4,500 ಇದೆ ಎಂದುಕೊಳ್ಳಿ. ಒಟ್ಟು 53,000. ಅಂಗಡಿಯವರು ಜೋಡಿಸಿ, ತೆರಿಗೆ ಸೇರಿಸಿ 56,000 ಎಂದಿದ್ದಾರೆ. ಮೇಲ್ನೋಟಕ್ಕೆ 3,000 ಹೆಚ್ಚು, ಅಂದರೆ ಶೇ 6ರ ಆಸುಪಾಸು.

ಆದರೆ 53,000ಕ್ಕೆ ನಿಮಗೆ ಸಿಕ್ಕಿದ್ದು ಆರು ಪೆಟ್ಟಿಗೆ, ಕಂಪ್ಯೂಟರಲ್ಲ. ಎರಡು ಮಳಿಗೆಗಳ ಕೊರಿಯರ್ ಖರ್ಚು 600 ಸೇರಿಸಿ. ಜೋಡಿಸಲು ಬಾರದಿದ್ದರೆ ಊರಿನ ತಂತ್ರಜ್ಞರಿಗೆ 1,200 ಕೊಡಿ. ಅಲ್ಲಿಗೆ 54,800. ನಿಜವಾದ ಅಂತರ 1,200ಕ್ಕೆ ಇಳಿಯಿತು. ಅತ್ತ ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡಿಗೆ ಶೇ 2 ಹೆಚ್ಚು ಕೇಳಿದರೆ ಅದನ್ನೂ ಸೇರಿಸಿ. ಇತ್ತ ಆನ್‌ಲೈನಿನಲ್ಲಿ ಬ್ಯಾಂಕ್ ಕಾರ್ಡಿನ ರಿಯಾಯಿತಿ ಇದ್ದರೆ ಕಳೆಯಿರಿ. ಈ ಎರಡರಿಂದಲೇ ಲೆಕ್ಕ ಅತ್ತಿಂದಿತ್ತ ವಾಲುವುದುಂಟು.

ಈಗ ಪಟ್ಟಿಯ ಒಂದೇ ಒಂದು ಸಾಲು ಬದಲಿಸಿ ನೋಡಿ. ಅಂಗಡಿಯ ಕೊಟೇಶನ್ನಿನಲ್ಲಿ 5,500ರ ಎಸ್‌ಎಂಪಿಎಸ್ ಬದಲು 1,500ರ ಅನಾಮಧೇಯ ಎಸ್‌ಎಂಪಿಎಸ್ ಇದ್ದರೆ? ಹೊರಗೆ ಅದೇ 56,000, ಒಳಗಿನ ಮಾಲಿನ ಬೆಲೆ 49,000. ಅಂತರ 7,000ಕ್ಕೆ ಏರಿತು, ಯಂತ್ರದ ಆಯಸ್ಸು ಇಳಿಯಿತು. ಒಟ್ಟು ಮೊತ್ತವನ್ನಷ್ಟೇ ನೋಡುವವರ ಕಣ್ಣಿಗೆ ಎರಡೂ ಕೊಟೇಶನ್ ಒಂದೇ. ಚೌಕಾಸಿ ಮಾಡಿ ಒಟ್ಟಿನಿಂದ ಸಾವಿರ ಇಳಿಸಿದಾಗಲೂ ಯಾವ ಸಾಲಿನಲ್ಲಿ ಇಳಿಯಿತು ಎಂದು ಕೇಳಿ. ಮಾಡೆಲ್ ಬದಲಾಗದೆ ಇಳಿದಿದ್ದರೆ ಮಾತ್ರ ಅದು ರಿಯಾಯಿತಿ.

‘ವಿಂಡೋಸ್ ಫ್ರೀ’ ಎಂಬ ಸಾಲೂ ಪಟ್ಟಿಯಲ್ಲಿ ಇರುತ್ತದೆ. ಅಂಗಡಿಯವರಿಗೆ ವಿಂಡೋಸ್ ಉಚಿತವಾಗಿ ಸಿಗುವುದಿಲ್ಲ; ಅದು ಹೆಚ್ಚಾಗಿ ಕಳ್ಳಪ್ರತಿ, ಅಥವಾ ಯಾವುದೋ ಕಚೇರಿಯ ಸಗಟು ಪರವಾನಗಿಯ ಕೀ. ಕಚೇರಿ ಕೆಲಸದ ಯಂತ್ರಕ್ಕೆ ಅಂಥದ್ದನ್ನು ಹಾಕಿಸಬೇಡಿ. ಹಳೆಯ ರಿಟೇಲ್ ಪರವಾನಗಿ ಇದ್ದರೆ ಹೊಸ ಯಂತ್ರಕ್ಕೆ ಒಯ್ಯಬಹುದು. ಹಳೆಯ ಯಂತ್ರದ ಜೊತೆಗೇ ಬಂದ ಓಇಎಂ ಪರವಾನಗಿಯನ್ನು ಹಾಗೆ ಒಯ್ಯುವಂತಿಲ್ಲ, ಅದು ಆ ಯಂತ್ರದ ಬೋರ್ಡಿಗೇ ಅಂಟಿಕೊಂಡಿರುತ್ತದೆ. ಬ್ರೌಸರ್, ಲಿಬ್ರೆ ಆಫೀಸ್, ಕನ್ನಡ ಟೈಪಿಂಗ್ ಇಷ್ಟಕ್ಕೆ ಉಬುಂಟು ಚೆನ್ನಾಗಿ ಸಾಕು, ಅದು ನಿಜಕ್ಕೂ ಉಚಿತ.

ಹಂತ 5: ಉಳಿದ ಅಂತರದಲ್ಲಿ ಏನು ಕೊಳ್ಳುತ್ತಿದ್ದೀರಿ ಎಂದು ಕೇಳಿಕೊಳ್ಳಿ

ಜೋಡಿಸುವ ಕೆಲಸ ಕಷ್ಟದ್ದಲ್ಲ. ತಾಳ್ಮೆ, ಒಂದು ಸ್ಕ್ರೂಡ್ರೈವರ್, ಬೋರ್ಡಿನ ಕೈಪಿಡಿ ಇದ್ದರೆ ಹೊಸಬರೂ ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು, ಮಕ್ಕಳ ಜೊತೆ ಕೂತು ಮಾಡಿದರೆ ಕಲಿಕೆಯೂ ಹೌದು. ಅಂಗಡಿಗೆ ಕೊಡುವ ಹೆಚ್ಚಿನ ಹಣ ಮುಖ್ಯವಾಗಿ ಹೊಣೆಗೆ.

ಮೂರು ಕಡೆಯಿಂದ ತರಿಸಿದ ಭಾಗಗಳನ್ನು ಜೋಡಿಸಿ ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗೇ ಇದೆ ಎಂದುಕೊಳ್ಳಿ. ತಪ್ಪು ಬೋರ್ಡಿನದೋ, ರ‍್ಯಾಮಿನದೋ, ಪ್ರೊಸೆಸರಿನದೋ? ಪರೀಕ್ಷಿಸಲು ಬದಲಿ ಭಾಗ ಮನೆಯಲ್ಲಿ ಇರುವುದಿಲ್ಲ. ಅಂಗಡಿಯವರು ಕಪಾಟಿನಿಂದ ಇನ್ನೊಂದು ರ‍್ಯಾಮ್ ತೆಗೆದು ಹಾಕಿ ಎರಡು ನಿಮಿಷದಲ್ಲಿ ಹೇಳುತ್ತಾರೆ. ಎಷ್ಟೋ ಸಲ ಯಾವುದೂ ಕೆಟ್ಟಿರುವುದೇ ಇಲ್ಲ. ಬೋರ್ಡ್ ತಯಾರಾದ ಮೇಲೆ ಬಂದ ಪ್ರೊಸೆಸರ್ ಹಾಕಿದ್ದರೆ, ಉದಾಹರಣೆಗೆ ಹಳೆಯ ದಾಸ್ತಾನಿನ ಬಿ650 ಬೋರ್ಡಿಗೆ ರೈಜನ್ 9000 ಸರಣಿಯದು, ಬಯಾಸ್ (ಯಂತ್ರವನ್ನು ಚಾಲೂ ಮಾಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಆಗುವ ತನಕ ಅದು ಚಾಲೂ ಆಗದೇ ಇರಬಹುದು. ಬಿಡಿಯಾಗಿ ಕೊಳ್ಳುವವರು ಪ್ರೊಸೆಸರ್ ಇಲ್ಲದೆಯೂ ಬಯಾಸ್ ಬರೆಯುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುವ ಬೋರ್ಡನ್ನೇ ಆರಿಸಿಕೊಂಡರೆ ಈ ಪೇಚು ತಪ್ಪುತ್ತದೆ.

ನನ್ನ ಅಳತೆಗೋಲು ಇದು. ಎರಡೂ ಕಡೆ ಒಂದೇ ಮಾಡೆಲ್‌ಗಳಿದ್ದು, ಎಲ್ಲ ಖರ್ಚು ಸೇರಿಸಿದ ಮೇಲೆ ಅಂಗಡಿಯ ದರ ಶೇ 5ರ ಒಳಗೆ ಹೆಚ್ಚಿದ್ದರೆ, ಮೊದಲ ಸಲ ಕೊಳ್ಳುವವರು ಅಂಗಡಿಯಲ್ಲೇ ಮಾಡಿಸಲಿ. ಶೇ 10 ದಾಟಿದರೆ ಆ ಪಟ್ಟಿಯನ್ನು ಪಕ್ಕದ ಅಂಗಡಿಗೆ ಒಯ್ಯಿರಿ. ನಡುವೆ ಇದ್ದರೆ ನಿಮ್ಮ ಕೈಗೆ ಎಷ್ಟು ಧೈರ್ಯ ಇದೆ ಎಂಬುದರ ಮೇಲೆ. ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ: ಪ್ರಾಮಾಣಿಕವಾಗಿ ಮಾಡೆಲ್ ಬರೆದುಕೊಟ್ಟು, ಅರ್ಧ ಗಂಟೆ ಕೂರಿಸಿ ವಿವರಿಸಿದವರ ಹತ್ತಿರ ಕೊನೆಯ ಮುನ್ನೂರು ರೂಪಾಯಿಗೆ ಜಗ್ಗಾಡಬೇಡಿ. ಅವರ ಲಾಭ ತೆಳುವಾದದ್ದು, ಮುಂದೆ ಮೂರು ವರ್ಷ ನಿಮಗೆ ಬೇಕಾಗುವುದು ಅವರ ಫೋನ್ ನಂಬರು.

ಹಂತ 6: ಎಲ್ಲವನ್ನೂ ಒಂದೇ ಕಡೆ ಕೊಳ್ಳಬೇಕಿಲ್ಲ

ಪ್ರೊಸೆಸರ್, ಬೋರ್ಡು, ರ‍್ಯಾಮ್ ಈ ಮೂರು ಒಂದೇ ಬಿಲ್ಲಿನಲ್ಲಿ ಇರಲಿ. ಚಾಲೂ ಆಗದ ತೊಂದರೆಗಳು ಹೆಚ್ಚಾಗಿ ಈ ಮೂವರ ನಡುವೆಯೇ ಹುಟ್ಟುತ್ತವೆ. ಗ್ರಾಫಿಕ್ಸ್ ಕಾರ್ಡ್ ಕೂಡ ಅದೇ ಬಿಲ್ಲಿಗೆ ಸೇರಿದರೆ ಒಳ್ಳೆಯದು, ಆದರೆ ದರದ ಅಂತರ ದೊಡ್ಡದಿದ್ದರೆ ಬೇರೆ ಕಡೆ ಕೊಳ್ಳಬಹುದು. ಭಾರತದ ವಾರಂಟಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ, ವಿದೇಶದಿಂದ ನೇರ ತಂದ ಕಾರ್ಡಿಗೆ ಇಲ್ಲಿನ ಸರ್ವಿಸ್ ಸೆಂಟರ್ ಕೈ ಹಾಕದೇ ಇರಬಹುದು. ಮಾನಿಟರ್, ಕೀಬೋರ್ಡ್, ಮೌಸ್, ಎರಡನೇ ಡಿಸ್ಕ್ ಇವನ್ನು ಆನ್‌ಲೈನ್ ಹಬ್ಬದ ಮಾರಾಟದಲ್ಲಿ ಹುಡುಕಿ. ಯಾವುದನ್ನು ಎಲ್ಲಿಂದ ತಂದರೂ ಮಿಕ್ಕವು ಕೆಲಸ ಮಾಡುತ್ತವೆ, ಕೆಟ್ಟರೆ ಯಾವುದು ಕೆಟ್ಟಿತು ಎಂದು ತಕ್ಷಣ ಗೊತ್ತಾಗುತ್ತದೆ.

ಡೆಲ್, ಎಚ್‌ಪಿ, ಲೆನೊವೊದಂಥ ಕಂಪನಿಯ ಸಿದ್ಧ ಡೆಸ್ಕ್‌ಟಾಪ್ ದರವನ್ನೂ ಒಮ್ಮೆ ನೋಡಿ, ಅಸೆಂಬಲ್ಡ್ ಯಾವಾಗಲೂ ಅಗ್ಗ ಎಂಬ ಮಾತು ಈಗ ಪೂರ್ತಿ ನಿಜವಲ್ಲ. ಒಂದು ಬಿಡಿಭಾಗದ ದರ ಏಕಾಏಕಿ ಏರಿದಾಗ ಲೆಕ್ಕ ತಿರುಗುತ್ತದೆ. 2021ರಲ್ಲಿ ಕ್ರಿಪ್ಟೊ ಗಣಿಗಾರಿಕೆ ಮತ್ತು ಚಿಪ್ ಕೊರತೆಯಿಂದ ಗ್ರಾಫಿಕ್ಸ್ ಕಾರ್ಡ್ ಕೈಗೆಟುಕದಂತಾದಾಗ, ಕಾರ್ಡ್ ಸಮೇತ ಸಿದ್ಧ ಯಂತ್ರ ಕೊಳ್ಳುವುದೇ ಎಷ್ಟೋ ಸಲ ಲಾಭವಾಗಿತ್ತು. 2025ರ ಕೊನೆಯಲ್ಲಿ ಅದೇ ಕಥೆ ರ‍್ಯಾಮಿನದಾಯಿತು. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡದ್ದರಿಂದ ದರ ಗಗನಕ್ಕೇರಿತು. ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಬ್ರಾಂಡಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಘೋಷಿಸಿತು. ದೊಡ್ಡ ತಯಾರಕರು ಮೊದಲೇ ಮಾಡಿಕೊಂಡ ಒಪ್ಪಂದದ ದರದಲ್ಲಿ ಮೆಮೊರಿ ಪಡೆಯುತ್ತಾರೆ, ಅಂಗಡಿಯವರು ಅಂದಿನ ದರಕ್ಕೆ ಕೊಳ್ಳುತ್ತಾರೆ. ಹೀಗಾಗಿ ಇಂಥ ದಿನಗಳಲ್ಲಿ ಹಳೆಯ ದಾಸ್ತಾನಿನ ಸಿದ್ಧ ಯಂತ್ರ ಅಗ್ಗವಾಗಿ ಸಿಗಬಹುದು. ಇಂಥ ಹೊತ್ತಿನಲ್ಲಿ ಅಂಗಡಿಯ ಕೊಟೇಶನ್ ಎಷ್ಟು ದಿನ ಊರ್ಜಿತ ಎಂದೂ ಬರೆಸಿಕೊಳ್ಳಿ.

ಸಿದ್ಧ ಯಂತ್ರದ ದೊಡ್ಡ ಅನುಕೂಲ ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ, ಜೊತೆಗೆ ಅಸಲಿ ವಿಂಡೋಸ್. ತೊಡಕು ಏನೆಂದರೆ ಅವುಗಳಲ್ಲಿ ಹಲವು ಮಾದರಿಗಳ ಬೋರ್ಡು, ಎಸ್‌ಎಂಪಿಎಸ್ ಕನೆಕ್ಟರುಗಳು ಆ ಕಂಪನಿಯದೇ ಅಳತೆಯವು. ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕೋಣ ಎಂದರೆ ಎಸ್‌ಎಂಪಿಎಸ್ ಸಾಲದು, ಬದಲಿಸೋಣ ಎಂದರೆ ಮಾರುಕಟ್ಟೆಯದು ಹೊಂದದು. ಬೆಳೆಸುವ ಉದ್ದೇಶ ಇಲ್ಲದ ಕಚೇರಿಗೆ ಅದು ಸರಿ, ವಿದ್ಯಾರ್ಥಿಗೆ ಅಸೆಂಬಲ್ಡೇ ಸರಿ.

ಹಂತ 7: ಹಣ ಕೊಡುವ ಮೊದಲು ಅಂಗಡಿಯಲ್ಲೇ ನೋಡಿ

ಜೋಡಿಸುವಾಗ ಎದುರಿಗೇ ಇರಿ. ಪೆಟ್ಟಿಗೆಗಳನ್ನು ನಿಮ್ಮ ಮುಂದೆಯೇ ಒಡೆಯಲಿ. ಬೋರ್ಡಿನ ಸಾಕೆಟ್ ಮೇಲೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಪ್ರೊಸೆಸರ್ ಕೂರಿಸುವ ಮುಂಚೆ ಅದನ್ನು ತೆಗೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಪಿನ್ನುಗಳನ್ನು ನೋಡಿ. ಇಂಟೆಲ್ ಬೋರ್ಡುಗಳಲ್ಲೂ ಎಎಂಡಿಯ ಎಎಂ5 ಬೋರ್ಡುಗಳಲ್ಲೂ ಕೂದಲಿನಷ್ಟು ತೆಳ್ಳಗಿನ ಸಾವಿರಾರು ಪಿನ್ನುಗಳು ಸಾಲಾಗಿ ಒಂದೇ ಕಡೆ ಬಾಗಿರುತ್ತವೆ. ಎಲ್ಲ ಸರಿಯಿದ್ದರೆ ಬೆಳಕು ಒಂದೇ ಸಮನೆ ಮಿನುಗುತ್ತದೆ. ಒಂದು ಪಿನ್ ಬೇರೆ ಕಡೆಗೆ ಬಾಗಿದ್ದರೂ ಅಲ್ಲಿ ಚುಕ್ಕೆಯಷ್ಟು ಕಪ್ಪು ಕಾಣುತ್ತದೆ. ಬಾಗಿದ ಪಿನ್ನಿಗೆ ವಾರಂಟಿ ಇಲ್ಲ, ಆದ್ದರಿಂದ ಇದನ್ನು ಈಗಲೇ ನೋಡಬೇಕು. ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆ ಪ್ಲಾಸ್ಟಿಕ್ ಮುಚ್ಚಳವನ್ನೂ ಬೋರ್ಡಿನ ಪೆಟ್ಟಿಗೆಯಲ್ಲಿ ಜೋಪಾನ ಮಾಡಿ. ಬೋರ್ಡನ್ನು ವಾರಂಟಿಗೆ ಕಳಿಸುವಾಗ ಮುಚ್ಚಳ ಬೇಕೇ ಬೇಕು.

ಯಂತ್ರ ಚಾಲೂ ಆದ ಮೇಲೆ ಮೂರು ಉಚಿತ ಸಾಫ್ಟ್‌ವೇರ್ ಓಡಿಸಿ. ಸಿಪಿಯು-ಝಡ್ ಪ್ರೊಸೆಸರ್, ಬೋರ್ಡು, ರ‍್ಯಾಮ್‌ಗಳ ನಿಜವಾದ ಹೆಸರು ತೋರಿಸುತ್ತದೆ. ಕೊಟೇಶನ್ ಪಕ್ಕದಲ್ಲಿಟ್ಟು ತಾಳೆ ನೋಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬುದರಲ್ಲಿ ‘ಪವರ್ ಆನ್ ಅವರ್ಸ್’ ಎಂಬ ಸಾಲಿದೆ, ಡಿಸ್ಕು ಹುಟ್ಟಿದಾಗಿನಿಂದ ಎಷ್ಟು ಗಂಟೆ ಓಡಿದೆ ಎಂದು. ಹೊಸ ಎಸ್‌ಎಸ್‌ಡಿಯಲ್ಲಿ ಸೊನ್ನೆ, ಒಂದು, ಎರಡು ಇರಬೇಕು. ಸಾವಿರಗಳಲ್ಲಿದ್ದರೆ ಅದು ಬೇರೆಯವರ ಯಂತ್ರದಲ್ಲಿ ದುಡಿದು ಬಂದದ್ದು. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಜಿಪಿಯು-ಝಡ್ ನೋಡಿ; ಹಳೆಯ ಎನ್‌ವಿಡಿಯಾ ಚಿಪ್ಪಿಗೆ ಹೊಸ ಹೆಸರು ಬರೆದ ನಕಲಿ ಕಾರ್ಡಾದರೆ ಅದು ‘ಫೇಕ್’ ಎಂದೇ ತೋರಿಸುತ್ತದೆ.

ರ‍್ಯಾಮ್ ವೇಗವನ್ನು ವಿಂಡೋಸ್ ಟಾಸ್ಕ್ ಮ್ಯಾನೇಜರಿನಲ್ಲೇ ನೋಡಬಹುದು. 6000ದ ಡಿಡಿಆರ್5 ಕೊಂಡಿದ್ದರೂ ಅಲ್ಲಿ 4800 ಎಂದಿದ್ದರೆ ಗಾಬರಿ ಬೇಡ, ಮೋಸವೂ ಅಲ್ಲ. ಬಯಾಸಿನಲ್ಲಿ ಎಕ್ಸ್‌ಪೊ ಅಥವಾ ಎಕ್ಸ್‌ಎಂಪಿ ಎಂಬ, ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್ ಆನ್ ಮಾಡಬೇಕು. ಅಂಗಡಿಯವರಿಂದಲೇ ಮಾಡಿಸಿ, ಹಣ ಕೊಟ್ಟ ವೇಗವನ್ನು ಬಳಸದೆ ವರ್ಷಗಟ್ಟಲೆ ಕೂರುವ ಜನ ಬಹಳ.

ಆನ್‌ಲೈನಿನಲ್ಲಿ ತರಿಸಿದ್ದಾದರೆ ಪೆಟ್ಟಿಗೆಯ ವಿಳಾಸದ ಚೀಟಿಯಿಂದ ಶುರುಮಾಡಿ ಒಳಗಿನ ಸೀರಿಯಲ್ ನಂಬರ್ ಕಾಣುವ ತನಕ ನಡುವೆ ನಿಲ್ಲಿಸದೆ ವಿಡಿಯೊ ಮಾಡಿ. ಬೇರೆ ವಸ್ತು ಬಂದಿದ್ದರೆ ಅದಿಲ್ಲದೆ ವಾದ ನಿಲ್ಲುವುದು ಕಷ್ಟ.

ಹಂತ 8: ಊರಿಗೆ ಒಯ್ಯುವವರು

ಹುಬ್ಬಳ್ಳಿಗೋ ಕಲಬುರಗಿಗೋ ಬಸ್ಸಿನಲ್ಲಿ ಒಯ್ಯುವುದಾದರೆ, ಪಾರ್ಸೆಲ್ ಹಾಕುವುದಾದರೆ, ಭಾರದ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿಸಿ ಅದರ ಪೆಟ್ಟಿಗೆಯಲ್ಲೇ ಇಡಿ. ರಸ್ತೆಯ ಕುಲುಕಾಟಕ್ಕೆ ಅದು ಬೋರ್ಡಿನ ಸ್ಲಾಟನ್ನೇ ಮುರಿಯಬಲ್ಲದು. ದೊಡ್ಡ ಟವರ್ ಕೂಲರ್‌ಗೂ ಇದೇ ಮಾತು. ಗಾಜಿನ ಬಾಗಿಲಿನ ಕ್ಯಾಬಿನೆಟ್ ಆದರೆ ಗಾಜನ್ನು ಬೇರೆ ಸುತ್ತಿ ಕೈಯಲ್ಲಿ ಹಿಡಿದುಕೊಳ್ಳಿ. ಮನೆಯಲ್ಲಿ ಪ್ಲಗ್ಗಿಗೆ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಗುಡುಗು ಮಳೆಯಲ್ಲಿ ವಿದ್ಯುತ್ ಪ್ಲಗ್ಗಿನ ಜೊತೆಗೆ ನೆಟ್‌ವರ್ಕ್ ಕೇಬಲನ್ನೂ ಕಳಚಬೇಕು, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಹಂತ 9: ಬಿಲ್ಲು, ಪೆಟ್ಟಿಗೆ, ದೂರು

ಬಿಲ್ಲಿನಲ್ಲಿ ‘ಕಂಪ್ಯೂಟರ್ ಒಂದು, 56,000’ ಎಂದು ಒಂದೇ ಸಾಲು ಬರೆಯಲು ಬಿಡಬೇಡಿ. ಪ್ರತಿ ಭಾಗ, ಅದರ ಸೀರಿಯಲ್ ನಂಬರ್, ದರ ಬೇರೆ ಬೇರೆ ಇರಲಿ. ಎಸ್‌ಎಸ್‌ಡಿಗೆ ಐದು, ಬೋರ್ಡಿಗೆ ಮೂರು ಹೀಗೆ ವಾರಂಟಿ ಬೇರೆ ಬೇರೆ ಇರುತ್ತದೆ. ಒಂದು ವರ್ಷದ ನಂತರ ಅಂಗಡಿ ಮುಚ್ಚಿದ್ದರೂ ಇಂಥ ಬಿಲ್ಲಿದ್ದರೆ ನೀವೇ ನೇರವಾಗಿ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಬಹುದು. ಶಾಯಿ ಮಾಸುವ ಉಷ್ಣ ಕಾಗದದ ಬಿಲ್ಲಾದರೆ ಅಂದೇ ಸ್ಕ್ಯಾನ್ ಮಾಡಿ. ಪೆಟ್ಟಿಗೆಗಳನ್ನು ವಾರಂಟಿ ಮುಗಿಯುವ ತನಕ ಅಟ್ಟದ ಮೇಲೆ ಇಡಿ, ಮಾರುವಾಗಲೂ ಬೆಲೆ ಬರುತ್ತದೆ.

‘ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಬೋರ್ಡು ನೋಡಿ ಹೆದರಬೇಕಿಲ್ಲ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಗ್ರಾಹಕ ರಕ್ಷಣಾ ಕಾಯ್ದೆ 2019 ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ಮೊದಲು ಅಂಗಡಿಗೆ ಲಿಖಿತವಾಗಿ, ವಾಟ್ಸಾಪಿನಲ್ಲಾದರೂ, ತಿಳಿಸಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಂಡ ವಸ್ತುವಿನ ಮೊತ್ತ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ಮತ್ತು ಮಾರಿದವರು ಕೋಲ್ಕತ್ತದಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದೂರಿನ ಜೊತೆ ಲಗತ್ತಿಸಬೇಕಾದದ್ದು ಬಿಲ್ಲು, ಮಾಡೆಲ್ ಹೆಸರಿರುವ ಕೊಟೇಶನ್ ಮತ್ತು ಪೆಟ್ಟಿಗೆ ತೆರೆದಾಗಿನ ವಿಡಿಯೊ.